ಹುಲ್ಲಿನ ರಾಶಿಯ ಮೇಲೆ ಹವೆಯ ಲೆಕ್ಕ ಹಾಕಿದ ರಿಚರ್ಡ್‌ಸನ್

ಮುಂಗಾರು ಬಂತೆಂದರೆ ಕ್ಯಾಲನೂರಿನ ರೈತ ಮುಗಿಲು ನೋಡುತ್ತಾನೆ. ರಾಗಿ ಬಿತ್ತಬಹುದೇ, ನಾಲ್ಕು ದಿನ ಕಾಯಬೇಕೇ ಎಂಬುದು ಅವನ ಚಿಂತೆ. ರೇಡಿಯೋ, ಫೋನುಗಳಲ್ಲಿ ಬರುವ ಹವಾಮುನ್ಸೂಚನೆಯ ಹಿಂದೆ ದೊಡ್ಡ ಗಣಿತವೇ ಇದೆ. ಅದಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ನ್ಯೂಕಾಸಲ್ ನಗರದಲ್ಲಿ. ತಂದೆಯದು ಚರ್ಮ ಹದ ಮಾಡುವ ಉದ್ಯಮ. ಮನೆತನವು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥಕ್ಕೆ ಸೇರಿದ್ದು. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದ ಮೇಲೆ ಅವರಿಗೆ ಎದುರಾದ ಪ್ರಶ್ನೆ ರೈತರಿಗೆ ಹೊಸದಲ್ಲ. ಜೌಗು ನೆಲದಿಂದ ಮಳೆನೀರು ಬಸಿದುಹೋಗಲು ಕಾಲುವೆಗಳನ್ನು ಹೇಗೆ ತೋಡಬೇಕು? ಇದರ ಸಮೀಕರಣವನ್ನು ನೇರವಾಗಿ ಬಿಡಿಸುವುದು ಕಷ್ಟ. ಆದ್ದರಿಂದ ಮೊದಲು ರೇಖಾಚಿತ್ರಗಳಿಂದ ಅಂದಾಜು ಉತ್ತರ ಪಡೆದರು. 1910ರಲ್ಲಿ ಅಣೆಕಟ್ಟಿನ ಕಟ್ಟಡದ ಮೇಲೆ ಬೀಳುವ ಒತ್ತಡವನ್ನು, ಅದನ್ನು ಚೌಕಗಳಾಗಿ ವಿಂಗಡಿಸಿ, ಬರೀ ಕೂಡಿ ಕಳೆಯುವ ಲೆಕ್ಕದಿಂದ ಕಂಡುಹಿಡಿದರು.

ಗಾಳಿಯೂ ನೀರಿನಂತೆ ಹರಿಯುವ ವಸ್ತುವೇ. ಆಕಾಶವನ್ನೂ ಚೌಕಗಳಾಗಿ ಮಾಡಿದರೆ ನಾಳಿನ ಹವೆ ತಿಳಿಯಬಹುದಲ್ಲವೇ? ಈ ಕೆಲಸ ನಡೆದಿರುವಾಗಲೇ ಮೊದಲ ಮಹಾಯುದ್ಧ ಬಂತು. ಆಯುಧ ಹಿಡಿಯಲೊಲ್ಲದ ರಿಚರ್ಡ್‌ಸನ್ 1916ರಲ್ಲಿ ಹವಾಮಾನ ಇಲಾಖೆಯ ಹುದ್ದೆ ಬಿಟ್ಟು, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಗಾಡಿಯ ಚಾಲಕರಾದರು. ಬಿಡುವು ಸಿಕ್ಕಾಗ ಚಳಿಯ ಬಿಡಾರದಲ್ಲಿ ಹುಲ್ಲಿನ ರಾಶಿಯೇ ಅವರ ಕಚೇರಿ. ಅಲ್ಲಿಯೇ 1910ರ ಮೇ 20ರ ಯೂರೋಪಿನ ಹವೆಯನ್ನು ಲೆಕ್ಕ ಹಾಕಿದರು. ಒಂದೊಂದು ಚೌಕದ ಅಗಲ ಸುಮಾರು 200 ಕಿಲೋಮೀಟರ್, ಎಂದರೆ ಕೋಲಾರದಿಂದ ಮೈಸೂರಿನಷ್ಟು. ಆರು ಗಂಟೆಯ ಹವೆಗೆ ಆರು ವಾರದ ದುಡಿಮೆ. 1917ರ ಕದನದಲ್ಲಿ ಹಸ್ತಪ್ರತಿ ಕಳೆದುಹೋಗಿ, ಕೆಲವು ತಿಂಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು.

ಉತ್ತರ ಮಾತ್ರ ಪೂರಾ ತಪ್ಪಾಗಿತ್ತು. ಗಾಳಿಯ ಒತ್ತಡ 145 ಮಿಲಿಬಾರ್ ಏರುವುದೆಂದು ಲೆಕ್ಕ ಹೇಳಿತು. ನಿಜದಲ್ಲಿ ಅಂದು ಒತ್ತಡ ಹೆಚ್ಚೇನೂ ಬದಲಾಗಿರಲಿಲ್ಲ. ರಿಚರ್ಡ್‌ಸನ್ ಅದನ್ನು ಮುಚ್ಚಿಡಲಿಲ್ಲ. 1922ರಲ್ಲಿ ಪುಸ್ತಕವಾಗಿ, ತಪ್ಪು ಸಮೇತ, ಎಲ್ಲವನ್ನೂ ಪ್ರಕಟಿಸಿದರು. ಹವೆ ಓಡುವಷ್ಟೇ ವೇಗದಲ್ಲಿ ಲೆಕ್ಕ ಮಾಡಲು 64,000 ಜನ ಬೇಕೆಂದೂ ಅಂದಾಜು ಮಾಡಿದರು. ದೋಷವಿದ್ದುದು ವಿಧಾನದ ಬುಡದಲ್ಲಲ್ಲ, ಆರಂಭಕ್ಕೆ ತೆಗೆದುಕೊಂಡ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದದಿದ್ದುದರಲ್ಲಿ ಎಂದು ಮುಂದಿನವರು ತೋರಿಸಿಕೊಟ್ಟರು. ಬೀಜ ಜೊಳ್ಳಾಗಿದ್ದರೆ ಉಳುಮೆಯನ್ನು ದೂರಿ ಫಲವೇನು?

ಈ ನಡುವೆ, 1920ರಲ್ಲಿ, ಹವಾಮಾನ ಕಚೇರಿಯು ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ಅವರು ಅಲ್ಲಿಗೂ ರಾಜೀನಾಮೆ ಕೊಟ್ಟರು. ಆಮೇಲೆ ಮೇಷ್ಟರಾಗಿ ದುಡಿದು, ಯುದ್ಧಗಳೇಕೆ ಹುಟ್ಟುತ್ತವೆ ಎಂಬುದನ್ನೂ ಗಣಿತದಿಂದ ಶೋಧಿಸಿದರು.

1950ರಲ್ಲಿ ಅಮೆರಿಕದ ಚಾರ್ನಿ ಮತ್ತು ಸಂಗಡಿಗರು ಕಂಪ್ಯೂಟರಿನಿಂದ 24 ಗಂಟೆಯ ಹವೆಯನ್ನು ಲೆಕ್ಕ ಹಾಕಿ, ಫಲವನ್ನು ರಿಚರ್ಡ್‌ಸನ್‌ಗೆ ಕಳುಹಿಸಿದರು. ಬಿತ್ತಿದ್ದು ಮೊಳೆತುದನ್ನು ಕಂಡು, 1953ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರು.

ನಮ್ಮ ದೇಶದಲ್ಲಿ 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಚೌಕದ ಮುನ್ಸೂಚನೆ ಪದ್ಧತಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಳಿ, ಕಡಲುಗಳ ಹರಿವನ್ನು ಸಂಶೋಧಿಸುವ ವಿದ್ಯಾರ್ಥಿಗಳೂ ಈ ಚೌಕದ ಲೆಕ್ಕವನ್ನೇ ಮುಂದುವರಿಸಿದ್ದಾರೆ. ಮುನ್ಸೂಚನೆ ಒಮ್ಮೊಮ್ಮೆ ತಪ್ಪುವುದುಂಟು. ತಪ್ಪನ್ನು ಬಚ್ಚಿಡದೆ ಬರೆದಿಟ್ಟುದರಿಂದಲೇ ಈ ವಿದ್ಯೆ ಬೆಳೆಯಿತು ಎಂಬುದನ್ನು ಮರೆಯಬಾರದು.