ಕೋಳಿ ಸಾಕಿದ ಕಥೆಗಾರ್ತಿ

ಕೋಳಿ ಅಂದ್ರೆ ನಮಗೆ ಮೊಟ್ಟೆ, ಮಾಂಸದ ಲೆಕ್ಕ ಅಷ್ಟೇ. ಅಮೆರಿಕದ ಹೆಸರಾಂತ ಕಥೆಗಾರ್ತಿ ಫ್ಲಾನರಿ ಒ'ಕಾನರ್ ಅವರಿಗೆ ಅದು ಬದುಕಿನ ಆಸರೆ.

ಜಾರ್ಜಿಯಾ ರಾಜ್ಯದ ಸವಾನಾದಲ್ಲಿ 1925ರಲ್ಲಿ ಜನನ. ಬಾಲಕಿಯಾಗಿದ್ದಾಗ ಇವರ ಕೋಳಿ ಹಿಂದಕ್ಕೂ ನಡೆಯುತ್ತೆ ಅಂತ ಸಿನಿಮಾದವರೇ ಬಂದು ಚಿತ್ರ ತೆಗೆದರು. ಶಾಲೆಯ ಹೊಲಿಗೆ ತರಗತಿಯಲ್ಲಿ ಕೋಳಿಗೇ ಕೋಟು ಹೊಲಿದರು!

ತಂದೆಯನ್ನು ಬಲಿ ತೆಗೆದುಕೊಂಡ ಲೂಪಸ್ ಕಾಯಿಲೆ 25ರ ಪ್ರಾಯದಲ್ಲಿ ಇವರಿಗೂ ಬಂತು. ತಾಯಿ ಹೈನುಗಾರಿಕೆ ನಡೆಸುತ್ತಿದ್ದ ತೋಟದ ಮನೆ ಸೇರಿದರು. ಬೆಳಿಗ್ಗೆ ಬರವಣಿಗೆ, ಆಮೇಲೆ ಕೋಳಿ, ಬಾತು, ನವಿಲುಗಳ ಆರೈಕೆ. ಕಾಲು ಸೋತು ಊರುಗೋಲು ಹಿಡಿದರೂ ಅವುಗಳ ಸಂಗ ಬಿಡಲಿಲ್ಲ. 1964ರಲ್ಲಿ 39ರ ವಯಸ್ಸಿಗೇ ತೀರಿಕೊಂಡರು.

ಕೋಳಿ ಕಾಯಿಲೆ ವಾಸಿ ಮಾಡೋದಿಲ್ಲ, ನಿಜ. ಆದರೆ ಹಿತ್ತಲಲ್ಲಿ ಕಾಳಿಗೆ ಕಾಯುವ ಜೀವ ಇದ್ದರೆ, ಸೋತವರಿಗೂ ಬೆಳಿಗ್ಗೆ ಏಳೋಕೆ ಒಂದು ನೆಪ ಸಿಗುತ್ತೆ. ಈ ಲಾಭವನ್ನು ಯಾವ ತಖ್ತೆಯಲ್ಲಿ ಬರೆಯೋಣ?