ಗ್ಯಾರಿ ಕಿಲ್ಡಾಲ್: ಮಿತವ್ಯಯದ ಗಣಕಶಿಲ್ಪಿ

ಗೋಪುರವು ನಿಂತ ಮೇಲೆ ಸಾರುವೆಯನ್ನು ಬಿಚ್ಚುವುದು ಶಿಲ್ಪಿಯ ಧರ್ಮ. ಆ ಮರಗಳಿಲ್ಲದೆ ಗೋಪುರ ಏಳದು. ಅವು ಅಲ್ಲಿಯೇ ಉಳಿದರೆ ಗುಡಿಯ ಬಾಗಿಲೇ ಮುಚ್ಚಿಹೋಗುವುದು. ಗಣಕಯಂತ್ರದ ಒಳಗೂ ಇಂಥದೇ ಒಂದು ಧರ್ಮವುಂಟು. ಅದನ್ನರಿತು ಕಾರ್ಯಗೈದವರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲನು ಸ್ಮರಣಾರ್ಹನು.

1942ರ ಮೇ 19ರಂದು ಸಿಯಾಟಲ್ ನಗರದಲ್ಲಿ ಜನಿಸಿದ ಈತನ ಮನೆತನವು ನಾವಿಕವಿದ್ಯೆಯ ಶಾಲೆಯೊಂದನ್ನು ನಡೆಸುತ್ತಿತ್ತು. ಗಣಿತದ ಉಪಾಧ್ಯಾಯನಾಗುವ ಹಂಬಲದಿಂದ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದವನನ್ನು ಗಣಕವಿದ್ಯೆ ಸೆಳೆದುಕೊಂಡಿತು. 1972ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದನು. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ನೌಕಾದಳದ ಶಾಲೆಯ ಅಧ್ಯಾಪಕನಾಗಿದ್ದಾಗ ಇಂಟೆಲ್ ಸಂಸ್ಥೆಯ ಮೈಕ್ರೊಪ್ರೊಸೆಸರುಗಳ ಪರಿಚಯವಾಯಿತು. ಅವುಗಳಿಗಾಗಿ 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನೂ, 1974ರಲ್ಲಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನೂ ರಚಿಸಿದನು. ಪತ್ನಿ ಡೊರೊಥಿಯೊಡನೆ ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ಕಟ್ಟಿದನು.

ಅಂದಿನ ಬಡತನ ಇಂದಿನವರ ಊಹೆಗೆ ನಿಲುಕದು. ಇಂಟೆಲ್ 8080 ಸಂಸ್ಕಾರಕವು ಹೆಚ್ಚೆಂದರೆ 65,536 ಬೈಟುಗಳ ಸ್ಮೃತಿಯನ್ನಷ್ಟೇ ನಿಭಾಯಿಸಬಲ್ಲದಾಗಿತ್ತು. ಎಷ್ಟೋ ಯಂತ್ರಗಳಲ್ಲಿ ಅಷ್ಟೂ ಇರುತ್ತಿರಲಿಲ್ಲ. ಮೇಲಾಗಿ ಒಬ್ಬೊಬ್ಬ ತಯಾರಕನ ಕೀಲಿಮಣೆ, ಮುದ್ರಕ, ಫ್ಲಾಪಿ ಒಂದೊಂದು ಬಗೆ. 1976ರ ಸುಮಾರಿಗೆ ಇಮ್ಸಾಯ್ ಯಂತ್ರಕ್ಕೆ ವ್ಯವಸ್ಥೆಯನ್ನು ಹೊಂದಿಸುವ ಪ್ರಸಂಗ ಬಂದಾಗ, ಯಂತ್ರಾಂಶವನ್ನು ಮುಟ್ಟುವ ಚಾಲಕಭಾಗವನ್ನೆಲ್ಲ ಬೇರ್ಪಡಿಸಿ, ಬಯೋಸ್ ಎಂಬ ಕಿರಿದಾದ ಪದರದಲ್ಲಿ ಇರಿಸಲಾಯಿತು. ಸಿಪಿ/ಎಂ 2.2ರಲ್ಲಿ ಆ ಪದರಕ್ಕೆ 17 ಬಾಗಿಲುಗಳು ಮಾತ್ರ. ಯಂತ್ರ ಬದಲಾದರೆ ಬಯೋಸನ್ನು ಹೊಸದಾಗಿ ಬರೆದರೆ ಸಾಕು, ಉಳಿದುದೆಲ್ಲ ಇದ್ದಂತೆಯೇ.

ಆ 17ರಲ್ಲಿ ಮೊದಲನೆಯ ಬಾಗಿಲು ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟಾಗ ಒಮ್ಮೆ ಮಾತ್ರ ತೆರೆಯುವಂಥದು. ಸಾಧನಗಳನ್ನು ಎಚ್ಚರಿಸಿ ಅಣಿಗೊಳಿಸಿದೊಡನೆ ಅದರ ಕೆಲಸ ತೀರಿತು. ತೀರಿದ ಮೇಲೂ ಅದು ಜಾಗವನ್ನು ಹಿಡಿದಿರುವುದೇಕೆ? ಜಾಣ ಚಾಲಕಕಾರರು ಆ ಭಾಗವನ್ನು, ಮುಂದೆ ಫ್ಲಾಪಿಯ ದತ್ತಾಂಶ ಬಂದಿಳಿಯಬೇಕಾದ ಸ್ಥಳದಲ್ಲಿಯೇ ಇರಿಸಿದರು; ದತ್ತಾಂಶ ಬರುತ್ತಲೇ ಅದು ಅಳಿಸಿಹೋಗುವುದು. ಉಳಿತಾಯವೇನೋ ದೊರೆಯಿತು. ಆದರೆ ಅಳಿದ ವಿಧಿಯನ್ನು ಮರೆತು ಮತ್ತೊಮ್ಮೆ ಕರೆದರೆ ಯಂತ್ರವೇ ದಿಕ್ಕುತಪ್ಪುವುದು. ಪುನರಾರಂಭಕ್ಕೆ ಎರಡನೆಯ ಬಾಗಿಲು ಪ್ರತ್ಯೇಕವಾಗಿತ್ತು.

ಅದರ ಕಾರ್ಯವೂ ಕುತೂಹಲಕರವಾದುದು. ಬಳಕೆದಾರನ ಆಜ್ಞೆಯನ್ನು ಗ್ರಹಿಸುವ ಭಾಗ ಸುಮಾರು 2,048 ಬೈಟುಗಳಷ್ಟು. ದೊಡ್ಡ ಪ್ರೋಗ್ರಾಮು ಬಂದಾಗ ಅದು ತನ್ನ ಜಾಗವನ್ನು ಬಿಟ್ಟುಕೊಡಬಹುದಿತ್ತು. ಪ್ರೋಗ್ರಾಮು ಮುಗಿದೊಡನೆ ಅದನ್ನು ಫ್ಲಾಪಿಯಿಂದ ಮತ್ತೆ ಓದಿಕೊಳ್ಳಲಾಗುತ್ತಿತ್ತು. ಸ್ಮೃತಿ ಉಳಿಯಿತು, ಕಾಲ ವ್ಯಯವಾಯಿತು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ಈ ವ್ಯಾಪಾರದಲ್ಲಿ ಯಾವುದು ದುಬಾರಿಯೆಂಬುದನ್ನು ಕಿಲ್ಡಾಲ್ ಚೆನ್ನಾಗಿ ಬಲ್ಲವನಾಗಿದ್ದನು.

ಲೋಕದ ವ್ಯಾಪಾರದಲ್ಲಿ ಮಾತ್ರ ಆತನಿಗೆ ಅದೃಷ್ಟ ಒಲಿಯಲಿಲ್ಲ. 1980ರಲ್ಲಿ ಐಬಿಎಂನೊಡನೆ ನಡೆದ ಮಾತುಕತೆ ಕೂಡಿಬರಲಿಲ್ಲ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯ ಮುಖ್ಯಪೀಠವು, ಸಿಪಿ/ಎಂನ ರೀತಿಯನ್ನೇ ಬಹುಮಟ್ಟಿಗೆ ಹೋಲುತ್ತಿದ್ದ ಮೈಕ್ರೊಸಾಫ್ಟಿನ ವ್ಯವಸ್ಥೆಗೆ ಸಂದಿತು. ಅದರ ಬೆಲೆ 40 ಡಾಲರು, ಕಿಲ್ಡಾಲನದು 240. ಡಿಜಿಟಲ್ ರಿಸರ್ಚ್ 1991ರಲ್ಲಿ ನೊವೆಲ್ ಸಂಸ್ಥೆಯ ವಶವಾಯಿತು. 1994ರ ಜುಲೈ 11ರಂದು, 52ನೆಯ ವಯಸ್ಸಿನಲ್ಲಿ, ಆತನು ಮಾಂಟೆರೆಯಲ್ಲಿ ಕೊನೆಯುಸಿರೆಳೆದನು.

2014ರಲ್ಲಿ ಪೆಸಿಫಿಕ್ ಗ್ರೋವ್ ಪಟ್ಟಣದಲ್ಲಿ ಆತನ ಸಂಸ್ಥೆಯಿದ್ದ ಮನೆಗೆ ಸ್ಮಾರಕ ಫಲಕವನ್ನು ಹಾಕಲಾಯಿತು. ಇಂದಿನ ಯಂತ್ರಗಳಲ್ಲಿ ಸ್ಮೃತಿ ಲಕ್ಷಾಂತರ ಪಟ್ಟು ಬೆಳೆದಿದೆ. ಆದರೂ ಲಿನಕ್ಸ್ ವ್ಯವಸ್ಥೆಯು ಎದ್ದುನಿಂತ ಕೂಡಲೆ, ತನ್ನೊಳಗಿನ ಚಾಲಕಗಳ ಪ್ರಾರಂಭವಿಧಿಗಳು ಹಿಡಿದಿದ್ದ ಜಾಗವನ್ನು ತೆರವುಮಾಡುತ್ತದೆ. ಸಂಪತ್ತು ಬಂದರೂ ಬಡತನದಲ್ಲಿ ಕಲಿತ ಶಿಸ್ತು ಕೆಡದಿರುವುದು ಮನೆತನಗಳಲ್ಲಿ ಅಪರೂಪ. ಗಣಕಶಾಸ್ತ್ರದಲ್ಲಿ ಅದು ಉಳಿದಿದೆ. ಆ ಶಿಸ್ತಿನ ಆದ್ಯರಲ್ಲಿ ಕಿಲ್ಡಾಲನ ಹೆಸರು ಅಳಿಯತಕ್ಕುದಲ್ಲ.