ಅವಳಿ ಗೆರೆಗಳ ಗುರು: ರಾಬರ್ಟ್ ರೆಕಾರ್ಡ್

ನಾವು ದಿನವೂ ಕರಿಹಲಗೆಯ ಮೇಲೆ ಬರೆಯುವ ಸಮ ಚಿಹ್ನೆಯನ್ನು ಮೊದಲು ಅಚ್ಚಿಗೆ ತಂದವರು ರಾಬರ್ಟ್ ರೆಕಾರ್ಡ್. ಸುಮಾರು 1512ರಲ್ಲಿ ವೇಲ್ಸ್‌ನ ಕಡಲತೀರದ ಊರಾದ ಟೆನ್‌ಬಿಯಲ್ಲಿ ಹುಟ್ಟಿದ ಇವರು ಆಕ್ಸ್‌ಫರ್ಡ್‌ನಲ್ಲಿ ಓದಿ, 1545ರಲ್ಲಿ ಕೇಂಬ್ರಿಜ್‌ನಿಂದ ವೈದ್ಯಪದವಿ ಪಡೆದರು.

ವಿದ್ವಾಂಸರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ರೆಕಾರ್ಡ್ ಜನರ ಮಾತಾದ ಇಂಗ್ಲಿಷಿನಲ್ಲೇ ಗಣಿತ ಬರೆದರು. 1543ರ ಅವರ ಅಂಕಗಣಿತ ಪುಸ್ತಕ ಒಂದೂವರೆ ಶತಮಾನ ಮರುಮುದ್ರಣಗೊಂಡಿತು. ಅದು ಗುರು-ಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ಶಿಷ್ಯ ಕೇಳುತ್ತಾನೆ, ಎಡವುತ್ತಾನೆ, ಗುರು ತಿದ್ದುತ್ತಾರೆ. ರೇಖಾಗಣಿತಕ್ಕೂ ಅವರು ಮನೆಮಾತಿನ ಪದಗಳನ್ನೇ ಕಟ್ಟಿದರು: ಸ್ಪರ್ಶಕಕ್ಕೆ ಮುಟ್ಟುಗೆರೆ ಎಂಬರ್ಥದ ಪದ, ಸಮಾಂತರ ರೇಖೆಗಳಿಗೆ ಅವಳಿ ಗೆರೆ ಎಂಬರ್ಥದ ಪದ. ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನನಗೆ ಇದು ಬಹಳ ಹಿಡಿಸಿತು.

1557ರಲ್ಲಿ ಲಂಡನ್ನಿನಲ್ಲಿ ಅವರ ಬೀಜಗಣಿತ ಪುಸ್ತಕ ಅಚ್ಚಾಯಿತು. ಸಮ ಎಂಬ ಪದವನ್ನು ಮತ್ತೆ ಮತ್ತೆ ಬರೆಯುವುದನ್ನು ತಪ್ಪಿಸಲು ಅವರು ಒಂದೇ ಉದ್ದದ ಎರಡು ಅವಳಿ ಗೆರೆಗಳನ್ನು ಆರಿಸಿದರು; ಅವಕ್ಕಿಂತ ಹೆಚ್ಚು ಸಮವಾದದ್ದು ಬೇರಿಲ್ಲ ಎಂಬುದು ಅವರ ಕಾರಣ. ಅಚ್ಚಿನಲ್ಲಿ ಆ ಗೆರೆಗಳು ಇಂದಿನವಕ್ಕಿಂತ ಬಹಳ ಉದ್ದ. ಆ ಚಿಹ್ನೆಯೊಂದಿಗೆ ಅಚ್ಚಾದ ಮೊದಲ ಸಮೀಕರಣ: ಒಂದು ಅವ್ಯಕ್ತ ಸಂಖ್ಯೆಯ 14 ಪಟ್ಟಿಗೆ 15 ಕೂಡಿಸಿದರೆ 71. ಉತ್ತರ 4 ಎಂದು ಎಂಟನೇ ತರಗತಿಯ ಮಕ್ಕಳೂ ಬಿಡಿಸಬಲ್ಲರು. ಆದರೂ ಈ ಚಿಹ್ನೆ ಮತ್ತೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1618ರಲ್ಲಿ.

ಪಾಠಯೋಜನೆಗಳ ಅಕ್ಷರಜೋಡಣೆಗಾಗಿ ನಾನೀಗ ಲೇಟೆಕ್ ಕಲಿಯುತ್ತಿದ್ದೇನೆ. ಪ್ರತಿ ಹಂತದಲ್ಲೂ ಸಮ ಚಿಹ್ನೆಯ ಮುಂದೆ ಒಂದು ಗುರುತು ಕೊಟ್ಟರೆ, ಅವೆಲ್ಲ ಒಂದರ ಕೆಳಗೊಂದು ನಿಲ್ಲುತ್ತವೆ. ಇದು ಬರೀ ಅಂದಕ್ಕಲ್ಲ. ಎಡಬಲಗಳು ತಕ್ಕಡಿಯಂತೆ ತೂಗಬೇಕೆಂಬುದು ಮಗುವಿನ ಕಣ್ಣಿಗೇ ಕಾಣುತ್ತದೆ. ಸಮ ಚಿಹ್ನೆಯೆಂದರೆ ಉತ್ತರ ಬರೆಯುವ ಜಾಗ ಎಂದು ತಿಳಿದ ಮಕ್ಕಳಿಗೆ ರೆಕಾರ್ಡ್ ಅವರ ಕಾರಣವನ್ನು ಹೇಳಿ ಪಾಠ ಆರಂಭಿಸಬಹುದು.

ನಾಣ್ಯ ಮತ್ತು ಗಣಿಗಳ ಅಧಿಕಾರಿಯೂ ಆಗಿದ್ದ ರೆಕಾರ್ಡ್, ಪ್ರಬಲನಾದ ಪೆಂಬ್ರೋಕ್ ಪ್ರಭುವಿನ ಮೇಲೆ ದೂರು ಕೊಟ್ಟರು. ಪ್ರಭು ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದ. ರೆಕಾರ್ಡ್ 1,000 ಪೌಂಡ್ ತೆರಬೇಕಾಯಿತು. 1558ರಲ್ಲಿ ಅವರು ಸೆರೆಮನೆಯಲ್ಲೇ ತೀರಿಕೊಂಡರು. ಅವರ ಬೀಜಗಣಿತ ಪುಸ್ತಕದ ಕೊನೆಯಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ಗುರು ಪಾಠವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಮುಂದಿನ ಪಾಠ ಬರಲೇ ಇಲ್ಲ. ಅದನ್ನು ಮುಂದುವರಿಸುವ ಕೆಲಸ ನಮ್ಮ ತರಗತಿಗಳದು.